ಹಾಯಿದೋಣಿಗೆ ಆರಿಸಿದ ಹಾಡುಗಳು

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ ಮೇಲೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆದ್ದಾರಿಯ ಎರಡೂ ಕಡೆ ತೆಂಗಿನ ಗರಿಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಯೊಳಗೆ ನಾನು ಹಾಡುಗಳನ್ನು ಆರಿಸಿ ಮುಗಿಸಬೇಕಿತ್ತು.

ಹಾಡು ಬೇಕಾಗಿದ್ದದ್ದು ದೋಣಿಯಲ್ಲಿ ಕೇಳಲು. ಗಿರಿಜಕ್ಕನ ಗಂಡ, ನನ್ನ ಭಾವ ರುದ್ರೇಶ್ ನೌಕಾಪಡೆಯಿಂದ ನಿವೃತ್ತರಾಗಿ ಹಾಸನದಲ್ಲಿ ಮನೆ ಮಾಡಿದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷ ಕೂತು ಪ್ಲೈವುಡ್ಡಿನಲ್ಲಿ ಹದಿಮೂರು ಅಡಿಯ ಹಾಯಿದೋಣಿ ಕಟ್ಟಿದ್ದರು. ಅದಕ್ಕೆ ಬಣ್ಣ ಬಳಿಯುವ ಹೊತ್ತಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಏಳು ತಿಂಗಳಾದ ಮೇಲೆ ವೈದ್ಯರು, ಆಯಾಸ ಮಾಡಿಕೊಳ್ಳದೆ ಹೋಗಿಬರಬಹುದು ಅಂದರು. ಭಾವನ ಕಿವಿಗೆ ಬಿದ್ದದ್ದು ‘ಹೋಗಿಬರಬಹುದು’ ಅನ್ನುವುದಷ್ಟೇ. ಗಿರಿಜಕ್ಕನ ಕಿವಿಗೆ ಬಿದ್ದದ್ದು ‘ಆಯಾಸ ಮಾಡಿಕೊಳ್ಳದೆ’ ಅನ್ನುವುದಷ್ಟೇ.

ಹಿಂದಿನ ವಾರ ಅಕ್ಕ ಫೋನ್ ಮಾಡಿದ್ದಳು. “ಉಮಾ, ದೋಣೀಲಿ ಅವರ ಜೊತೆ ನೀನೂ ಕೂತ್ಕೋ. ನಂಗೆ ನೀರು ಕಂಡ್ರೆ ತಲೆ ಸುತ್ತುತ್ತೆ. ನೀನಾದ್ರೆ ಮೆಡಿಕಲ್ ಸ್ಟೋರಲ್ಲಿ ಇರೋಳು, ಮಾತ್ರೆ ಗೀತ್ರೆ ಗೊತ್ತು. ಬರೋವಾಗ ನಿಧಾನದ ಹಾಡು ತುಂಬ್ಕೊಂಡ್ ಬಾ. ಹಾಡು ನಿಧಾನ ಇದ್ರೆ ಅವರ ಕೈಕಾಲೂ ನಿಧಾನ ಆಗುತ್ತೆ.”

ನನಗೆ ಈಜು ಬರುವುದಿಲ್ಲ. ಆದರೂ ಒಪ್ಪಿಕೊಂಡೆ.

ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳಿ ನೋಡಿದೆ. ಕೊಳಲಿನ ಆಲಾಪ ಸರಿ ಅನ್ನಿಸಿತು. ತಂಬೂರಿಯ ಜೊತೆ ಹಾಡಿದ ವಚನಗಳು, ಹಳೆಯ ಸಿನಿಮಾದ ಲಾಲಿಹಾಡು, ನಮ್ಮ ಕಾಲೇಜು ದಿನಗಳ ನಾಲ್ಕಾರು ಭಾವಗೀತೆಗಳನ್ನೂ ಸೇರಿಸಿದೆ. ಒಂದು ಹಾಡಿನಲ್ಲಿ ನಡುನೀರಿನಲ್ಲಿ ದೋಣಿ ಮುಳುಗುವ ಸಾಲಿತ್ತು, ಅದನ್ನು ತೆಗೆದೆ. ಇನ್ನೊಂದು ತೀರಿಕೊಂಡ ಗಂಡನನ್ನು ನೆನೆಯುವ ಹಾಡು, ಅಕ್ಕನ ಮನೆಯಲ್ಲಿ ಅಪ್ಪಿತಪ್ಪಿಯೂ ಕೇಳಿಸಬಾರದೆಂದು ಅಳಿಸಿಯೇ ಹಾಕಿದೆ. ಹಾಸನದ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಇಪ್ಪತ್ತೆರಡು ಹಾಡುಗಳಾಗಿದ್ದವು.

ಸಂಜೆ ಕಾಫಿ ಕುಡಿಯುವಾಗ ಭಾವ ಪಟ್ಟಿ ನೋಡಿದರು. ಎರಡು ಹಾಡಿನ ಮೊದಲ ಸಾಲು ಕೇಳಿ ಫೋನನ್ನು ಮೇಜಿನ ಮೇಲಿಟ್ಟರು.

“ಇದೇನು ಉಮಾ, ನನ್ನ ತಿಥಿಗೆ ಹಾಕೋಕೆ ತಂದಿದ್ದೀಯಾ?”

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು. ಭಾವ ದನಿ ತಗ್ಗಿಸಿ, “ನನ್ನ ಹತ್ರ ಡೊಳ್ಳು, ತಮಟೆ ಇದ್ದಾವೆ. ಕಳಿಸ್ತೀನಿ, ಇಟ್ಕೊಂಡಿರು,” ಅಂದರು.

“ಹಡಗಲ್ಲೂ ಹಾಡು ಹಾಕ್ತಿದ್ರಾ ಭಾವ?”

“ಕೆಲಸದ ಹೊತ್ತಲ್ಲಿ ಹಾಕ್ತಿರಲಿಲ್ಲ. ಆಗ ಕಿವಿ ಬೇಕು. ಇದೇನು ಹಡಗಲ್ಲವಲ್ಲ, ಬಿಡು.”

ಅವರು ಕಳಿಸಿದ್ದನ್ನು ನಾನು ಇಟ್ಟುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಮಲಗುವ ಮೊದಲು ಅವಳು ನನ್ನ ಪರ್ಸಿನಲ್ಲಿ ನಾಲಿಗೆಯ ಕೆಳಗೆ ಇಡುವ ಮಾತ್ರೆ ಇದೆಯೇ ಎಂದು ಎರಡು ಸಲ ತೆಗೆದು ನೋಡಿದಳು.

ಭಾನುವಾರ ಎಂಟು ಗಂಟೆಗೆ ಅಕ್ಕಿರೊಟ್ಟಿ ತಿಂದು ಭಾವ, ನಾನು ಹೊರಟೆವು, ಅಕ್ಕ ಮನೆಯಲ್ಲೇ ಉಳಿದಳು. ದೋಣಿ ಗೂಡ್ಸ್ ಆಟೋದ ಮೇಲೆ, ನಾವಿಬ್ಬರು ಡ್ರೈವರ್ ಶಂಕ್ರಣ್ಣನ ಪಕ್ಕ ಒತ್ತಿಕೊಂಡು ಕೂತೆವು. ಹಾಸನದಿಂದ ಶೆಟ್ಟಿಹಳ್ಳಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ. ದಾರಿಯುದ್ದಕ್ಕೂ ಭಾವ ಹಿಂತಿರುಗಿ ಹಗ್ಗ ಸಡಿಲವಾಯಿತೇ ಎಂದು ನೋಡುತ್ತಿದ್ದರು. ನಾನು ಅವರ ಹಣೆಯಲ್ಲಿ ಬೆವರು ಬಂತೇ ಎಂದು ನೋಡುತ್ತಿದ್ದೆ.

ಪಾಳು ಚರ್ಚಿನ ಸುತ್ತ ಹೇಮಾವತಿಯ ಹಿನ್ನೀರು ಸೊಂಟದ ಮಟ್ಟಕ್ಕಿತ್ತು. ಬೆಂಗಳೂರಿನಿಂದ ಬಂದವರು ದಡದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ದೋಣಿ ಇಳಿಸಲು ಕೈಕೊಟ್ಟ ಊರಿನ ಮುದುಕರೊಬ್ಬರು ಕೇಳಿದರು: “ಎಲ್ಲಿಗಂಟ ಓಯ್ತೀರಿ ಸಾ?”

“ಎದುರು ದಡಕ್ಕೆ. ಅರಕಲಗೂಡು ಕಡೆಗೆ,” ಅಂದರು ಭಾವ.

“ಮರದ ಬುಡಗಳವೆ, ನೋಡ್ಕಂಡ್ ಓಗಿ. ನೀರು ಇಳೀತಾ ಅದೆ. ಓದ್ತಿಂಗ್ಳು ಅಡೀಗಿದ್ದವು ಈಗ ಮೇಲಿಕ್ಕೆ ಬಂದವೆ.”

ಭಾವ ತಲೆಯಾಡಿಸಿದರು. ಶಂಕ್ರಣ್ಣ ರಸ್ತೆಯಲ್ಲಿ ಬಳಸಿ ಬಂದು ಎದುರು ದಡದಲ್ಲಿ ಕಾಯುವುದೆಂದು ಮಾತಾಯಿತು. ನೀರಿನ ಮೇಲೆ ನಾಲ್ಕೈದು ಕಿಲೋಮೀಟರ್, ಗಾಳಿ ಚೆನ್ನಾಗಿದ್ದರೆ ಒಂದೂವರೆ ಗಂಟೆ. ನಾವಿಬ್ಬರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟೆವು. ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ತೆಂಗಿನಕಾಯಿ ಗಾತ್ರದ ಸ್ಪೀಕರನ್ನು ಕಾಲಬುಡದಲ್ಲಿ ಇಟ್ಟುಕೊಂಡೆ.

ಹತ್ತು ಗಂಟೆಗೆ ದಡ ಬಿಟ್ಟೆವು. ಮೊದಲು ಕೊಳಲು ಹಾಕಿದೆ. ಮೂಡಣ ಗಾಳಿ ಮೆಲ್ಲಗೆ ಹಾಯಿಯನ್ನು ತುಂಬಿತು. ದೋಣಿ ಸದ್ದಿಲ್ಲದೆ ಜಾರಿತು. ಚರ್ಚಿನ ಕಮಾನುಗಳು ಒಂದರ ಹಿಂದೆ ಒಂದು ಸರಿದವು. ಭಾವ ಹಿಂದೆ ಕೂತು ಚುಕ್ಕಾಣಿ ಹಿಡಿದಿದ್ದರು. ಅವರ ಮುಖ ನೋಡಿ ನನ್ನ ಭಯವೂ ಸ್ವಲ್ಪ ಇಳಿಯಿತು. ಅರ್ಧ ಗಂಟೆ ಹೀಗೇ ಕಳೆಯಿತು. ಐದಾರು ನಿಧಾನದ ಹಾಡುಗಳು ಒಂದಾದ ಮೇಲೊಂದು ಮುಗಿದವು.

“ಸಾಕು ಕಣಮ್ಮ, ನಿದ್ದೆ ಬರ್ತಿದೆ,” ಅಂದರು ಭಾವ. “ನಂದು ಹಾಕು.”

“ಅಕ್ಕ ನಿಧಾನದ್ದೇ ಇರ್ಲಿ ಅಂದಿದ್ದಾಳೆ ಭಾವ.”

“ಏಳು ತಿಂಗಳಿಂದ ಅವಳು ಹೇಳಿದ್ದನ್ನೇ ತಿಂದೆ, ಅವಳು ಹೇಳಿದಾಗಲೇ ಮಲಗಿದೆ. ಇವತ್ತೊಂದಿನ ಹಾಕು.”

ನಾನು ಹಾಕಿದೆ. ಬೇಡವೆನ್ನಬಹುದಿತ್ತು. ಆದರೆ ಕಾಯಿಲೆ ಬಿದ್ದ ಮೇಲೆ ಅವರು ಅಷ್ಟು ಆಸೆಯಿಂದ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಡೊಳ್ಳು ಶುರುವಾದದ್ದೇ ಅವರು ನೆಟ್ಟಗೆ ಕೂತರು. “ಇನ್ನೂ ಜೋರಾಗಿ ಇಡು,” ಅಂದರು. ಇಟ್ಟೆ.

ನಡುನೀರಿಗೆ ಬಂದಾಗ ಗಾಳಿ ಬಲವಾಯಿತು. ದೋಣಿ ಒಂದು ಕಡೆಗೆ ವಾಲಿತು. ಭಾವ ನನ್ನನ್ನು ಎತ್ತರದ ಬದಿಗೆ ಕೂರಿಸಿ ಹಾಯಿಯ ಹಗ್ಗವನ್ನು ಕೈಗೆ ಕೊಟ್ಟರು. “ಹಿಡ್ಕೋ, ನಾನು ಹೇಳ್ದಾಗ ಬಿಡು,” ಎಂದು ಕೂಗಿ ಹೇಳಿದರು. ಹಗ್ಗ ಜಾರುತ್ತಿತ್ತು. ಜಾರದಿರಲೆಂದು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಹಾಗೆ ಸುತ್ತಿಕೊಳ್ಳಬಾರದೆಂದು ನನಗೆ ಗೊತ್ತಿರಲಿಲ್ಲ. ಅವರು ನೋಡಲೂ ಇಲ್ಲ. ಕಣ್ಣು ಹಾಯಿಯ ತುದಿಯಲ್ಲಿತ್ತು, ಕಾಲು ತಾಳ ಹಾಕುತ್ತಿತ್ತು.

ಬಲಗಡೆ ಒಂದು ತೆಪ್ಪ ಕಾಣಿಸಿತು. ಗಂಡಹೆಂಡತಿ ಬಲೆ ಎತ್ತುತ್ತಿದ್ದರು. ಹೆಂಗಸು ಎದ್ದು ನಿಂತು ಎರಡೂ ಕೈ ಬೀಸಿದಳು. ನಮ್ಮ ದೋಣಿ ನೋಡಿ ಖುಷಿಯಾಗಿದೆ ಅಂದುಕೊಂಡು ನಾನೂ ಕೈ ಬೀಸಿದೆ. ಅವಳು ಮತ್ತೆ ಬೀಸಿದಳು. ನಾನು ಮತ್ತೆ ಬೀಸಿದೆ.

ಅಷ್ಟರಲ್ಲಿ ದೋಣಿಯ ಅಡಿಯಿಂದ ಬಲವಾದ ಏಟು ಬಿತ್ತು. ನೀರೊಳಗಿದ್ದ ಮರದ ಬುಡಕ್ಕೆ ಅಡಿಹಲಗೆ ತಾಗಿತ್ತು. ದೋಣಿ ಗಕ್ಕನೆ ನಿಂತು ಅರ್ಧ ಸುತ್ತು ತಿರುಗಿತು. ನಾನು ಮುಗ್ಗರಿಸಿ ಬಿದ್ದೆ. ತಲೆ ಎತ್ತಿದಾಗ ಭಾವ ದೋಣಿಯಲ್ಲಿ ಇರಲಿಲ್ಲ.

ಹಿಂದೆ ನೀರಿನಲ್ಲಿ ಕಿತ್ತಳೆ ಜಾಕೆಟ್ ಕಂಡಿತು. ಅವರು ತೇಲುತ್ತಿದ್ದರು, ಆದರೆ ಒಂದೇ ಕೈ ಆಡಿಸುತ್ತಿದ್ದರು. ದೋಣಿ ಬುಡದಿಂದ ಬಿಡಿಸಿಕೊಂಡು ಗಾಳಿಗೆ ಸಿಕ್ಕಿ ಓಡತೊಡಗಿತು. ನಮ್ಮಿಬ್ಬರ ನಡುವೆ ಮೊದಲು ಹತ್ತು ಅಡಿ ಇತ್ತು, ನೋಡುತ್ತಿದ್ದಂತೆ ಮೂವತ್ತಾಯಿತು. ಭಾವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಏನನ್ನೋ ಕೂಗಿ ಹೇಳುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಡೊಳ್ಳು ಮಾತ್ರ. ಹಗ್ಗ ಹಿಡಿ ಅನ್ನುತ್ತಿದ್ದಾರೆಂದು ಊಹಿಸಿ ಇನ್ನೂ ಬಿಗಿಯಾಗಿ ಎಳೆದು ಹಿಡಿದೆ. ದೋಣಿ ಇನ್ನೂ ಜೋರಾಗಿ ಓಡಿತು.

ಹಾಡು ನಿಲ್ಲಿಸಲು ಫೋನಿನ ಮೇಲೆ ಬೆರಳಾಡಿಸಿದೆ. ಒದ್ದೆ ಬೆರಳಿಗೆ ಅದು ತೆರೆಯಲಿಲ್ಲ. ಸ್ಪೀಕರ್ ಉರುಳಿ ದೋಣಿಯ ಮೂತಿಯ ಸಂದಿಗೆ ಹೋಗಿ ಸಿಕ್ಕಿಕೊಂಡಿತ್ತು. ಅಲ್ಲಿಂದ ಸದ್ದು ಇನ್ನಷ್ಟು ದೊಡ್ಡದಾಗಿ ಬರುತ್ತಿತ್ತು. ಮೊಣಕಾಲೂರಿಕೊಂಡು ಹೋಗಿ, ಬಿಡುವಾಗಿದ್ದ ಕೈಯಲ್ಲಿ ಅದನ್ನು ಎಳೆದು ತೆಗೆದು ನೀರಿಗೆಸೆದೆ. ಎರಡು ಏಟು ನೀರೊಳಗಿಂದಲೂ ಕೇಳಿಸಿದವು. ಆಮೇಲೆ ನಿಂತವು.

ಆಗ ಭಾವನ ದನಿ ಕೇಳಿಸಿತು. ದೂರದಿಂದ, ಒಡೆದ ದನಿ.

“ಬಿಡು ಉಮಾ! ಹಗ್ಗ ಬಿಡು!”

ಅಷ್ಟೂ ಹೊತ್ತು ಅವರು ಹೇಳುತ್ತಿದ್ದದ್ದು ಅದನ್ನೇ. ನಾನು ಹಿಡಿದಿದ್ದರಿಂದಲೇ ದೋಣಿ ಅವರನ್ನು ಬಿಟ್ಟು ಓಡುತ್ತಿತ್ತು. ಸುತ್ತು ಬಿಚ್ಚಲು ಹಗ್ಗ ಸಡಿಲವೇ ಇರಲಿಲ್ಲ. ಬೆರಳುಗಳನ್ನು ನೆಟ್ಟಗೆ ಚಾಚಿ ಕೈಯನ್ನು ಜಗ್ಗಿದೆ. ಹಗ್ಗ ಅಂಗೈಯನ್ನು ಉಜ್ಜಿಕೊಂಡು ಹೋಯಿತು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿಯ ಓಟ ತಗ್ಗಿತು, ಆಮೇಲೆ ನಿಂತಿತು.

ತೆಪ್ಪದವರು ಅಷ್ಟರೊಳಗೆ ಭಾವನ ಹತ್ತಿರ ಬಂದಿದ್ದರು. ಗಂಡ ಕಾಳಯ್ಯ ಜಾಕೆಟ್ಟಿನ ಪಟ್ಟಿ ಹಿಡಿದು ಎತ್ತಿದ, ಹೆಂಡತಿ ಜಯಮ್ಮ ಕಾಲು ಹಿಡಿದು ಎಳೆದುಕೊಂಡಳು. ಹುಟ್ಟು ಹಾಕಿಕೊಂಡು ಅವರು ನನ್ನ ಪಕ್ಕಕ್ಕೆ ಬಂದಾಗ ಭಾವನ ತುಟಿ ಬೂದಿ ಬಣ್ಣವಾಗಿತ್ತು. ಬಲಗೈ ಎದೆಗೆ ಒತ್ತಿಕೊಂಡಿದ್ದರು.

“ಎದೆ ನೋವಾ ಭಾವ?”

“ಇಲ್ಲ. ಭುಜ.”

ಅದು ನಿಜವೋ ಅಲ್ಲವೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ. ನಾಡಿ ಹಿಡಿದರೆ ಎಣಿಸಲಾಗದಷ್ಟು ಜೋರಾಗಿ ಓಡುತ್ತಿತ್ತು. ಮಾತ್ರೆ ತೆಗೆದೆ. ಬೇಡವೆಂದು ಮುಖ ತಿರುಗಿಸಿದರು. “ಬಾಯಿ ತೆಗೀರಿ,” ಅಂದೆ. ಅವರ ಜೊತೆ ಆ ದನಿಯಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಬಾಯಿ ತೆಗೆದರು.

ಕಾಳಯ್ಯ ನಮ್ಮ ದೋಣಿಯ ಹಾಯಿ ಇಳಿಸಿ ತೆಪ್ಪಕ್ಕೆ ಕಟ್ಟಿದ. ಅರಕಲಗೂಡು ಕಡೆಯ ದಡ ಹತ್ತಿರವೇ ಕಾಣುತ್ತಿತ್ತು, ಆದರೆ ತಲುಪಲು ಅರ್ಧ ಗಂಟೆಯಾಯಿತು. ಜಯಮ್ಮ ತನ್ನ ಕಂಬಳಿಯನ್ನು ಭಾವನ ಮೇಲೆ ಹೊದಿಸಿ ನನ್ನ ಕಡೆ ನೋಡಿದಳು.

“ಎಷ್ಟು ಕೂಗ್ದೆ ಕಣವ್ವ. ಆ ಕಡೀಕೆ ಓಗ್ಬ್ಯಾಡಿ, ಬುಡಗಳವೆ ಅಂತ. ನೀನು ನೋಡುದ್ರೆ ನಗ್ತಾ ಕೈ ಬೀಸ್ತಿದ್ದೆ.”

“ಕೇಳಿಸ್ಲಿಲ್ಲ ಜಯಮ್ಮ.”

“ಎಂಗೆ ಕೇಳ್ಸೀತು? ಆಪಾಟಿ ಡೊಳ್ಳು ಬಡಿಸ್ಕಂಡು ಬತ್ತಿದ್ರಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ದಡದಲ್ಲಿ ಶಂಕ್ರಣ್ಣ ಕಾಯುತ್ತಿದ್ದರು. ದೋಣಿಯನ್ನು ಕಾಳಯ್ಯನ ವಶಕ್ಕೆ ಬಿಟ್ಟು ಭಾವನನ್ನು ಅರಕಲಗೂಡಿಗೆ ಕರೆದೊಯ್ದೆವು. ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆದರು. ಪಟ್ಟಿ ಹೊರಬರುವವರೆಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಯುವ ವೈದ್ಯೆ ಅದನ್ನು ಎರಡು ಸಲ ಓದಿ, “ಹೃದಯಕ್ಕೆ ಏನೂ ಆಗಿಲ್ಲ. ಭುಜದ ಕೀಲು ಉಳುಕಿದೆ. ಸಂಜೆವರೆಗೆ ಇರಲಿ, ನೋಡಿ ಕಳಿಸ್ತೀನಿ,” ಅಂದರು.

ಭಾವ ಹಾಸಿಗೆಯಿಂದ ನನ್ನನ್ನು ಕರೆದರು. “ಅಕ್ಕಂಗೆ ಹೇಳ್ಬೇಡ. ದೋಣಿ ಮಾರಿಸಿಬಿಡ್ತಾಳೆ. ಕಾಲು ಜಾರಿ ಬಿದ್ದೆ ಅಂತ ನಾನೇ ಹೇಳ್ತೀನಿ.”

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಡೊಳ್ಳು ಹಾಕಿದ್ದು ನಾನೇ ಎಂದೂ ಹೇಳಿದೆ. ಫೋನ್ ಕಟ್ಟಾಯಿತು.

ಅಕ್ಕ ಹಾಸನದಿಂದ ಬಸ್ಸಿನಲ್ಲಿ ಎರಡೂವರೆಗೆ ಬಂದಳು. ಒಳಗೆ ಹೋಗಿ ಭಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಊಟ ಆಯ್ತಾ?” ಎಂದು ಕೇಳಿ, ತಂದಿದ್ದ ಮೊಸರನ್ನ ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಿನ್ನ ನಂಬಿ ಕಳಿಸಿದ್ದೆ ಕಣೆ.”

ನಾನು ಎಡಗೈಯನ್ನು ಸೆರಗಿನೊಳಗೆ ಸರಿಸಿಕೊಂಡೆ.

“ಅವಳನ್ನ ಯಾಕೆ ಅಂತೀಯ? ಹಾಕು ಅಂದಿದ್ದು ನಾನು,” ಅಂದರು ಭಾವ.

“ನೀವು ಹಾಕು ಅಂತೀರ ಅಂತ ನಂಗೆ ಗೊತ್ತಿತ್ತು. ಅದಕ್ಕೇ ಅವಳನ್ನ ಕಳಿಸಿದ್ದು.”

ಅಕ್ಕ ಚಮಚದಲ್ಲಿ ಅನ್ನ ಎತ್ತಿ ಭಾವನ ಬಾಯಿಗೆ ಹಿಡಿದಳು. ಬಲಗೈ ಪಟ್ಟಿಯಲ್ಲಿದ್ದುದರಿಂದ ಅವರು ತಿನ್ನಿಸಿಕೊಂಡರು. ಅರ್ಧ ಊಟವಾದ ಮೇಲೆ ಅಕ್ಕನ ಕೈಯಿಂದ ಚಮಚ ಜಾರಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳದೆ ಅವರ ಒಳ್ಳೆಯ ಭುಜಕ್ಕೆ ಹಣೆಯೊತ್ತಿ ಕೂತಳು. ಭಾವ ಎಡಗೈಯಿಂದ ಅವಳ ಬೆನ್ನು ಸವರುತ್ತಾ, “ಆಯ್ತು, ಇಲ್ಲೇ ಇದ್ದೀನಲ್ಲ,” ಎಂದು ಮೆಲ್ಲಗೆ ಹೇಳಿದರು. ದೋಣಿಯ ಮಾತನ್ನು ಯಾರೂ ಎತ್ತಲಿಲ್ಲ.

ಮಾರನೆಯ ದಿನ ಅಂಗಡಿ ತೆಗೆಯಬೇಕಿತ್ತು. ನಾಲ್ಕು ಗಂಟೆಗೆ ಹೊರಟು ಹೊಳೆನರಸೀಪುರದ ಬಸ್ಸು ಹಿಡಿದೆ, ಅಲ್ಲಿಳಿದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಭಾನುವಾರದ ಜನ ತುಂಬಿದ್ದರು. ಹಿಂದಿನ ಸೀಟು ಸಿಕ್ಕಿತು. ಕಂಡಕ್ಟರ್ ಟಿಕೆಟ್ ಚಾಚಿದರು. ಅಷ್ಟು ಹೊತ್ತು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಎಡಗೈಯನ್ನು ಮರೆತು ಹೊರಗೆ ತೆಗೆದೆ. ಬೆರಳುಗಳು ಮಡಚಲಿಲ್ಲ. ಅಂಗೈ ಅಡ್ಡಡ್ಡಲಾಗಿ ಸುಲಿದು ಊದಿತ್ತು.

“ಕೈಗೇನಾಯ್ತಮ್ಮ?” ಅಂದರು ಕಂಡಕ್ಟರ್.

“ಹಗ್ಗ ಹಿಡ್ಕೊಂಡಿದ್ದೆ.”

“ಅಂಗೆ ಎಳೀವಾಗ ಬಿಟ್ಬುಡಬೇಕಲ್ವಾ?”

“ಬಿಟ್ಟೆ,” ಅಂದೆ. “ತಡವಾಯ್ತು.”

ಅವರು ಟಿಕೆಟ್ಟನ್ನು ನನ್ನ ಚೀಲದ ಹೊರಗಿನ ಜೇಬಿಗೆ ಸಿಕ್ಕಿಸಿ ಮುಂದಿನ ಸೀಟಿಗೆ ಹೋದರು. ಬಸ್ಸು ಸೇತುವೆಯ ಮೇಲೆ ಬಂದಿತ್ತು. ಕೆಳಗೆ ಹೇಮಾವತಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಯಾರೋ ಹೆಂಗಸೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತು ದಡದಲ್ಲಿದ್ದವಳನ್ನು ಕೂಗುತ್ತಿದ್ದಳು. ಕಿಟಕಿಯ ಗಾಜು ಸರಿಸಿ ಕಿವಿಗೊಟ್ಟೆ. ಬಸ್ಸಿನ ಸದ್ದಿನಲ್ಲಿ ಅವಳ ಮಾತು ನನಗೆ ಕೇಳಿಸಲಿಲ್ಲ. ದಡದವಳು ತಿರುಗಿ ನೋಡಿ, ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವಳ ಕಡೆಗೆ ನಡೆದದ್ದು ಕಾಣಿಸಿತು.