ಹಣ್ಣಾಗಲು ಬಿಟ್ಟ ಹಲಸು

ನಮ್ಮ ಕಡೆ ಹಲಸನ್ನು ಹಣ್ಣಾಗಲು ಬಿಡುವುದಿಲ್ಲ. ಎಳೆಯದಿರುವಾಗಲೇ ಕಡಿದು ಗುಂಡಿಯಲ್ಲಿ ಹೂತುಬಿಡುತ್ತೇವೆ. ಹಣ್ಣಾದರೆ ಅದರ ವಾಸನೆ ಹಿಡಿದು ಆನೆ ತೋಟಕ್ಕೆ ಇಳಿಯುತ್ತದೆ. ಸುತ್ತಲಿನ ಊರುಗಳಾದ ಮಗ್ಗೆಯಲ್ಲೂ ಹೀಗೆಯೇ, ಕುಂದೂರಿನಲ್ಲೂ ಹೀಗೆಯೇ. ತಿನ್ನುವ ವಸ್ತುವನ್ನು ಮಣ್ಣಿಗೆ ಹಾಕುವಾಗ ನನ್ನ ಅತ್ತೆ ಮಾತ್ರ ಪ್ರತಿ ಸಲ ಆ ಕಾಯಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಕಳೆದ ವರ್ಷ ಮಾತ್ರ ಹಣ್ಣಾಗಲು ಬಿಟ್ಟೆವು. ಮಗಳು ಓದುವ ವಿಶ್ವವಿದ್ಯಾಲಯ, ಪರಿಸರದ ಕೆಲಸ ಮಾಡುವ ವಿದ್ಯಾರ್ಥಿ ಗುಂಪುಗಳಿಗೆ ಹಣ ಕೊಡುತ್ತದೆ. ಕೆಲಸ ಒಂದು ಊರಿನಲ್ಲಿ, ಊರಿನವರ ಜೊತೆಯೇ ನಡೆಯಬೇಕು. ಹೂಳುವ ಹಲಸನ್ನು ಹಣ್ಣು ಮಾಡಿ, ಬಿಸಿಲಿನ ಯಂತ್ರದಲ್ಲಿ ಒಣಗಿಸಿ ಮಾರುವುದೆಂದು ಮಗಳ ಗುಂಪು ಅರ್ಜಿ ಹಾಕಿತ್ತು. ಊರಿನವರೆಂದರೆ ನಾವು ಅಕ್ಕಪಕ್ಕದ ಹೆಂಗಸರು.

ಮಂಜೂರು ಮಾಡುವ ಮೊದಲು ಪ್ರೊಫೆಸರ್ ಒಬ್ಬರು ನೋಡಲು ಬರುತ್ತಾರೆಂದು ತಿಳಿಯಿತು. ಬಂದವರಿಗೆ ಖಾಲಿ ಜಗಲಿ ತೋರಿಸುವುದುಂಟೇ? ಎಲ್ಲರ ತೋಟದಿಂದಲೂ ಹಣ್ಣು ತರಿಸಿ ಕಾಫಿ ಮೂಟೆ ಇಡುವ ನಮ್ಮ ಸ್ಟೋರಿನ ಮುಂದೆ ರಾಶಿ ಹಾಕಿದೆವು.

“ಅಕ್ಕಾ, ಈ ಗಮಕ್ಕೆ ನಂಗೇ ಬಾಯಲ್ಲಿ ನೀರು ಬತ್ತಾ ಐತೆ. ಕಾಡಲ್ಲಿರೋನು ಸುಮ್ಕಿರ್ತಾನಾ?” ಎಂದಳು ಪಕ್ಕದ ಮನೆಯವಳು.

“ಬಾಯಿ ಮುಚ್ಚೇ ಮಾರಾಯ್ತಿ,” ಎಂದು ನಕ್ಕೆ.

ಘಾಟಿ ದಾರಿಯಲ್ಲಿ ದೋಣಿಗಲ್ಲಿನ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದರಿಂದ ನನ್ನ ಮಗಳನ್ನು ಕರೆದುಕೊಂಡು ಪ್ರೊಫೆಸರ್ ಬಂದಾಗ ಸಂಜೆಯಾಗಿತ್ತು. ಸ್ಟೋರಿನೊಳಗೆ ಕುರ್ಚಿ ಹಾಕಿ ಕೂರಿಸಿದೆವು. ಕಾರಿನಲ್ಲೇ ಉಳಿದ ಅವರ ಬ್ಯಾಗು ತರಲು ಮಗಳನ್ನು ಕಳಿಸಿದೆ.

ಅಷ್ಟು ಹೊತ್ತು ಬೊಗಳುತ್ತಿದ್ದ ನಾಯಿ ಥಟ್ಟನೆ ನಿಲ್ಲಿಸಿ ಒಳಗೆ ನುಗ್ಗಿ ಮೂಟೆಗಳ ಸಂದಿಗೆ ಸೇರಿಕೊಂಡಿತು. ಕಾಫಿ ಗಿಡ ಮುರಿದ ಸದ್ದು. ಪಕ್ಕದ ಮನೆಯವಳು ಓಡಿ ಬಾಗಿಲಿಗೆ ಅಡ್ಡ ಮರ ಹಾಕಿಬಿಟ್ಟಳು.

ಮಗಳು ಹೊರಗೇ ಇದ್ದಳು.

ಬಾಗಿಲ ಸಂದಿಯಲ್ಲಿ ನೋಡಿದೆ. ಒಂಟಿ ಸಲಗ ರಾಶಿಯ ಮುಂದೆ ನಿಂತಿತ್ತು. ಹಣ್ಣನ್ನು ಕಾಲಿನಡಿ ಮೆಲ್ಲಗೆ ಅದುಮಿ, ಬಿರಿದ ಮೇಲೆ ಎತ್ತಿಕೊಳ್ಳುತ್ತಿತ್ತು. ರಾಶಿಯ ಪಕ್ಕದಲ್ಲೇ ಕಾರು. ಅದರೊಳಗೆ ಅಡಗಿದ್ದ ಮಗಳ ಹಳದಿ ದುಪಟ್ಟಾದ ಅಂಚು, ಮುಚ್ಚಿದ ಹಿಂಬಾಗಿಲಿಗೆ ಸಿಕ್ಕಿಕೊಂಡು ಹೊರಗೆ ಕಂಡಿತು. ಅದು ಅಲುಗುತ್ತಿರಲಿಲ್ಲ.

ಪ್ರೊಫೆಸರ್ ಮೊಬೈಲ್ ತೆಗೆದು ಅವಳಿಗೆ ಫೋನ್ ಮಾಡಲು ಹೊರಟರು. ಹಿಂದುಮುಂದು ನೋಡದೆ ಅವರ ಮಣಿಕಟ್ಟು ಹಿಡಿದೆ. ಅವಳ ಫೋನ್ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆಂದು ನನಗೆ ಗೊತ್ತು. ಪರಪುರುಷರ ಕೈಯನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. ಪಕ್ಕದ ಮನೆಯವಳು “ಗಣಪ್ಪಾ, ಗಣಪ್ಪಾ” ಎನ್ನುತ್ತಿದ್ದಳು. ನನ್ನ ಬಾಯಿಗೆ ಬಂದದ್ದು ಕಾನ್ವೆಂಟಿನಲ್ಲಿ ಸಾಲಾಗಿ ನಿಂತು ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ. ಅದೂ ಅರ್ಧಕ್ಕೆ ಮರೆತುಹೋಯಿತು.

ತಿಂದು ಮುಗಿಸಿದ ಮೇಲೆ ಆನೆ ಕಾರಿನ ಗಾಜಿನ ಮೇಲೆ ಸೊಂಡಿಲಾಡಿಸಿತು. ಏನೋ ಯೋಚಿಸುವ ಹಾಗೆ ನಿಂತಿತು. ಆಮೇಲೆ ತೋಟದೊಳಗೆ ಇಳಿದುಹೋಯಿತು.

ಮಗಳು ಒಳಗೆ ಬಂದಾಗ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ಅವಳು ಮೊದಲು ಹೇಳಿದ್ದು, “ಸರ್, ಬೇಲಿ ಹಾಕಿಸ್ತೀವಿ.”

“ಹಣ ಕೊಡಿಸಬಹುದು. ಯಂತ್ರ ಎಲ್ಲಿಡ್ತೀರಮ್ಮ?” ಪ್ರೊಫೆಸರ್ ನನ್ನನ್ನೇ ಕೇಳಿದರು.

“ಇಲ್ಲೇ ಸಾರ್,” ಎಂದಳು ಪಕ್ಕದ ಮನೆಯವಳು. “ಅದೇನು ನೆಂಟನಾ, ದಿನಾ ಬರೋಕೆ?”

“ಇಲ್ಲಿ ಬೇಡ ಸರ್,” ಎಂದೆ.

“ಅಮ್ಮಾ! ಊರಲ್ಲಿಲ್ಲ ಅಂದ್ರೆ ದುಡ್ಡೇ ಬರಲ್ಲ.”

“ಬರದಿದ್ರೆ ಬೇಡ.”

ಹಣ ಬೇರೆ ಗುಂಪಿಗೆ ಹೋಯಿತು. ನಿನ್ನ ಹೆದರಿಕೆಯಿಂದಲೇ ಹೋಯಿತೆಂದು ಮಗಳು ಈಗಲೂ ಹೇಳುತ್ತಾಳೆ. ನಿಜ, ಅದರಿಂದಲೇ. ಈ ವರ್ಷ ಬೇಲಿಯನ್ನೂ ಸೇರಿಸಿ ಅವಳ ಗುಂಪು ಮತ್ತೆ ಅರ್ಜಿ ಹಾಕುತ್ತದಂತೆ. ಊರಿನವರ ಪರವಾಗಿ ನಾನು ಒಪ್ಪಬೇಕಂತೆ. ನಿನ್ನೆ ಫೋನಿನಲ್ಲಿ ಅವಳು ಕೇಳಿದಾಗ, ಈ ಸಲದ ಕಾಯಿ ಕಡಿಯುವ ದಿನ ಬರಲಿ, ಆಗ ಹೇಳುತ್ತೇನೆಂದೆ.