ಜೀರಿಗೆ ಬೆಡಗು

ನನ್ನ ತಮ್ಮ ಪರ್ತ್‌ನಿಂದ ಫೋನ್ ಮಾಡಿ ನಮ್ಮ ಕುಲದ ಬೆಡಗು ಯಾವುದೆಂದು ಕೇಳಿದಾಗ ನಾನು ಅಡಿಲೇಡಿನ ನನ್ನ ಅಡುಗೆಮನೆಯಲ್ಲಿ ಬೇಳೆಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ಸಕ್ಕರೆ ಡಬ್ಬಕ್ಕೆ ಒರಗಿಸಿದ್ದೆ.

‘ಅಕ್ಕ, ನಮ್ ಬೆಡಗು ಯಾವ್ದು?’

‘ಯಾಕೋ, ಇಷ್ಟು ವರ್ಷ ಇಲ್ಲದ್ದು?’

‘ನಮ್ ಹುಡುಗ ಮೆಚ್ಚಿರೋ ಬ್ರಿಸ್ಬೇನಿನ ಹುಡುಗಿ ಮನೆಯವರು ಕೇಳ್ತಿದ್ದಾರೆ. ಅವರಮ್ಮ ಸ್ವಲ್ಪ ಹಳೇ ಥರ. ಇಂಥದ್ದೆಲ್ಲ ಅಜ್ಜಿ ನಿಂಗೆ ತಾನೆ ಹೇಳ್ತಿದ್ದಿದ್ದು. ನನ್ನ ಕೇಳಿದ್ರೆ ಪಂಪು, ವಾಲ್ವು ಬಗ್ಗೆ ಹೇಳ್ತೀನಿ, ಅಷ್ಟೆ.’

ಸಾಸಿವೆ ಸಿಡಿಯುತ್ತಿತ್ತು. ನನ್ನ ಬೆರಳುಗಳಲ್ಲಿ ಒಂದು ಚಿಟಿಕೆ ಜೀರಿಗೆ ಇತ್ತು. ‘ಜೀರಿಗೆ’ ಎಂದೆ.

‘ಬೆಡಗಿಗೆ ಯಾವುದರ ಹೆಸರೋ ಅದನ್ನ ಆ ಬೆಡಗಿನವರು ತಿನ್ನಲ್ವಂತೆ, ಹುಡುಗಿ ತಾಯಿ ಹೇಳ್ತಿದ್ರು. ಅಮ್ಮ ಸಾರಿಗೆ ಹಾಕ್ತಿದ್ಲಲ್ಲ?’

‘ಅದೆಲ್ಲ ಅಜ್ಜಿ ಕಾಲಕ್ಕೇ ಮುಗೀತು ಕಣೋ.’

ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ‘ನೀನಿಲ್ಲದಿದ್ರೆ ನಾವು ಬೇರಿಲ್ಲದ ಜನ ಆಗಿಬಿಡ್ತಿದ್ವಿ’ ಎಂದು ನಕ್ಕು ತಮ್ಮ ಫೋನ್ ಇಟ್ಟ. ನನಗೆ ಒಳಗೊಳಗೆ ಹೆಮ್ಮೆಯಾಯಿತು. ಇದನ್ನೂ ಬರೆಯಲೇಬೇಕು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ನಾನೇ ಹೋಗುವುದಿಲ್ಲವೆಂದು ಹಟ ಹಿಡಿದೆ. ತಮ್ಮ ಓದಿದ, ಇಂಜಿನಿಯರಾದ, ಗಣಿ ಕಂಪನಿಯ ಕೆಲಸ ಹಿಡಿದು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಮನೆ ಮಾಡಿದ. ನನ್ನ ಯಜಮಾನರು ವೆಲ್ಡರ್. ಅವರ ಕೆಲಸದ ಮೇಲೆ ನಾವು ಅಡಿಲೇಡಿಗೆ ಬಂದೆವು, ಕಿಲ್ಬರ್ನ್‌ನಲ್ಲಿ ಉಳಿದೆವು. ತಮ್ಮ ನನ್ನನ್ನು ಯಾವತ್ತೂ ಕೀಳಾಗಿ ಕಂಡವನಲ್ಲ. ಆದರೆ ಅವನು ನನ್ನನ್ನು ಕೇಳಿ ತಿಳಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ಅಜ್ಜಿ ಹೇಳಿದ ವಿಷಯಗಳು ಮಾತ್ರ ನನ್ನ ಇಲಾಖೆ. ಯಾವ ದೇವರಿಗೆ ಯಾವ ದಿನ, ಯಾರ ಮನೆಯವರು ನಮಗೆ ಯಾವ ವರಸೆ, ಎಲ್ಲ.

ಅಜ್ಜಿ ಹೇಳುತ್ತಿದ್ದುದು ನಿಜ. ಅವರೆಕಾಳಿನ ಕಾಲದಲ್ಲಿ ನಾವಿಬ್ಬರೂ ಕೂತು ಹಿತುಕುತ್ತಿರುವಾಗ ಅವಳು ಬೆಡಗುಗಳನ್ನು ಹೇಳುತ್ತ ಹೋಗುತ್ತಿದ್ದಳು. ಬೆಳ್ಳಿ, ಹೊನ್ನೆ, ಅರಿಶಿನ, ಆನೆ. ಒಂದೇ ಬೆಡಗಿನವರು ಅಣ್ಣತಂಗಿಯರು, ಮದುವೆಯಾಗುವ ಹಾಗಿಲ್ಲ. ಇಷ್ಟು ನೆನಪಿದೆ. ನಮ್ಮದು ಯಾವುದೆಂದು ಹೇಳಿದ ಹೊತ್ತಿಗೆ ನಾನು ಯಾವ ಲೋಕದಲ್ಲಿದ್ದೆನೋ. ಕಾಳಿನ ಸಿಪ್ಪೆ ಎಷ್ಟು ದೂರ ಹಾರುತ್ತದೆಂದು ನೋಡುತ್ತಿದ್ದಿರಬೇಕು.

ಎರಡು ದಿನ ಬಿಟ್ಟು ತಮ್ಮ ಮತ್ತೆ ಫೋನ್ ಮಾಡಿದ. ದನಿ ಇಳಿದುಹೋಗಿತ್ತು. ಬ್ರಿಸ್ಬೇನಿನವರದ್ದೂ ಜೀರಿಗೆ ಬೆಡಗು. ಮಾತುಕತೆ ನಿಂತುಹೋಯಿತು.

ಅವನ ಮಗ ಮತ್ತು ಆ ಹುಡುಗಿ ಮೂರು ವರ್ಷದಿಂದ ಪರಿಚಿತರು. ದೊಡ್ಡವರು ಒಪ್ಪುವುದಷ್ಟೇ ಬಾಕಿ ಎಂದು ನಾವೆಲ್ಲ ತಿಳಿದಿದ್ದೆವು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ‘ಛೇ, ಹೀಗಾಯ್ತಲ್ಲೋ’ ಎಂದೆ.

ಅದರ ಮುಂದಿನ ತಿಂಗಳು ತಮ್ಮನ ಮಗ, ನನ್ನ ಸೋದರಳಿಯ, ಆಫೀಸಿನ ಕೆಲಸಕ್ಕೆಂದು ಅಡಿಲೇಡಿಗೆ ಬಂದ. ಶನಿವಾರ ನಾವಿಬ್ಬರೂ ಟ್ರಾಮ್ ಹತ್ತಿ ಗ್ಲೆನೆಲ್ಗ್‌ನ ಕಡಲತೀರಕ್ಕೆ ಹೋದೆವು. ನೀರಿನೊಳಕ್ಕೆ ಚಾಚಿದ ಕಟ್ಟೆಯ ತುದಿಯ ತನಕ ನಡೆದೆವು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

‘ಅತ್ತೆ, ಸೀರಿಯಸ್ಲಿ. ಜೀರಿಗೆ? ಲೈಕ್, ದ ಸ್ಪೈಸ್?’

‘ಹೂಂ.’

‘ಸೋ ಶಿ ಈಸ್ ಮೈ ಸಿಸ್ಟರ್. ಬಿಕಾಸ್ ಆಫ್ ಕ್ಯೂಮಿನ್.’

ಅವನು ನಗಿಸಲೆಂದೇ ಹಾಗೆ ಹೇಳಿದ. ಮುಖ ಮಾತ್ರ ನಗುತ್ತಿರಲಿಲ್ಲ. ನಾನು ಐಸ್‌ಕ್ರೀಮ್ ತಿನ್ನುತ್ತೀಯಾ ಎಂದು ಕೇಳಿದೆ. ಫೋನಿನಲ್ಲಿ ಹೇಳಿದ್ದು ಬಾಯಿ ತಪ್ಪಿದ್ದು ಎನ್ನಬಹುದು. ಆ ಕಟ್ಟೆಯ ಮೇಲೆ ಸುಮ್ಮನಿದ್ದುದಕ್ಕೆ ಏನು ಹೇಳಬೇಕೋ ಇವತ್ತಿಗೂ ತಿಳಿಯದು.

ನಾನು ವಾರಕ್ಕೆರಡು ಬೆಳಗ್ಗೆ ನಮ್ಮ ಬೀದಿಯ ಆಚೆಯಿರುವ ಒಬ್ಬ ಮುದುಕರ ಮನೆ ಗುಡಿಸಿ ಒರೆಸಿ ಬರುತ್ತೇನೆ. ಅವರ ಮುತ್ತಜ್ಜ ಐರ್ಲೆಂಡಿನಿಂದ ಬಂದವರು. ಮುದುಕರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ತಮ್ಮ ವಂಶ ಹುಡುಕುತ್ತಿದ್ದಾರೆ. ಕಾಗದ ಕದಲಿಸದೆ ಮೇಜು ಒರೆಸುವುದು ನನ್ನ ಕೆಲಸದ ಕಷ್ಟದ ಭಾಗ. ಒರೆಸುವಾಗ ಅವರು ಹೇಳುತ್ತಿರುತ್ತಾರೆ, ನನ್ನ ಇಂಗ್ಲಿಷಿಗೆ ಅರ್ಧ ದಕ್ಕುತ್ತದೆ. ಹೆಸರಿನ ಮುಂದೆ ‘ಓ’ ಇದ್ದರೆ ಮೊಮ್ಮಗ, ‘ಮ್ಯಾಕ್’ ಇದ್ದರೆ ಮಗ. ಮರ್ಫಿ ಎಂದರೆ ಕಡಲಿನ ಯೋಧ. ಕೆನಡಿ ಎಂದರೆ ಶಿರಸ್ತ್ರಾಣ ತೊಟ್ಟವನು, ಅಥವಾ ವಿಕಾರ ತಲೆಯವನು. ‘ಎರಡರಲ್ಲಿ ಯಾವುದು?’ ಎಂದರೆ ‘ಯಾರು ಕೇಳುತ್ತಾರೆ ಎನ್ನುವುದರ ಮೇಲೆ’ ಎಂದು ಕೆಮ್ಮಿಕೊಂಡು ನಗುತ್ತಾರೆ. ಕೆಲ್ಲಿ ಎಂಬುದು ಅಷ್ಟೊಂದು ಜನಕ್ಕಿರುವ ಹೆಸರು, ಅದರ ಅರ್ಥ ಹೊಳೆಯುವ ತಲೆಯೋ, ಜಗಳವೋ, ಚರ್ಚಿಗೆ ಹೋಗುವವನೋ, ಬಲ್ಲವರಲ್ಲೇ ಒಮ್ಮತವಿಲ್ಲವಂತೆ. ಇನ್ನು ಕೆಲವು ಮನೆತನಗಳ ಹೆಸರಿನಲ್ಲಿ ಅವರ ಭಾಷೆಯ ‘ಹಕ್ಕಿ’ ಎಂಬ ಪದದಂಥ ಸದ್ದು ಇತ್ತಂತೆ. ಇಂಗ್ಲಿಷಿಗೆ ಬರೆಯುವಾಗ ಅದನ್ನು ‘ಬರ್ಡ್’ ಮಾಡಿಬಿಟ್ಟರು. ಹಕ್ಕಿಗೂ ಅವರಿಗೂ ಸಂಬಂಧವಿರಲಿಲ್ಲ. ಈಗ ಅವರೆಲ್ಲ ಬರ್ಡ್‌ಗಳೇ.

ಇದನ್ನು ಕೇಳಿದ ದಿನ ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು.

ಗ್ಲೆನೆಲ್ಗ್‌ಗೆ ಹೋಗಿ ಬಂದ ಮರುವಾರ ನಾನೇ ಕೇಳಿದೆ. ‘ನಿಮ್ಮಲ್ಲಿ ಒಂದೇ ಮನೆತನದ ಹೆಸರಿನವರು ಮದುವೆ ಆಗಬಹುದಾ?’

‘ಯಾಕಾಗಬಾರದು, ಲವ್? ನಮ್ಮಪ್ಪ ಅಮ್ಮನೇ ಒಂದೇ ಹೆಸರಿನವರು.’ ಇಲ್ಲಿ ಎಲ್ಲರನ್ನೂ ಲವ್ ಎನ್ನುತ್ತಾರೆ, ನನಗೀಗ ಅಭ್ಯಾಸವಾಗಿದೆ. ‘ಮದುವೆಯಾದ ಮೇಲೆ ಅಮ್ಮ ಸಹಿ ಬದಲಿಸಲೂ ಇಲ್ಲ.’

‘ಹಾಗಾದ್ರೆ ಅಣ್ಣತಂಗಿ ಆಗಲ್ವಾ?’

ಅವರು ಒಂದು ನಕ್ಷೆ ಎಳೆದುಕೊಂಡರು. ಹೆಸರು ಒಂದಾದರೂ ‘ಸೆಪ್ಟ್’ ಬೇರೆ ಎಂದರು. ಒಬ್ಬ ಹಿರಿಯನಿಂದ ಬಂದು ಒಂದು ಸೀಮೆಯಲ್ಲಿ ನೆಲೆನಿಂತವರೆಲ್ಲ ಒಂದು ಸೆಪ್ಟ್. ನಾನು ಮನಸ್ಸಿನಲ್ಲೇ ಅದನ್ನು ಬೆಡಗು ಮಾಡಿಕೊಂಡೆ, ಅದು ಸರಿಯೋ ತಪ್ಪೋ. ಅವರ ಹೆಸರಿನವು ನಾಲ್ಕು ಸೀಮೆಗಳಲ್ಲಿ ನಾಲ್ಕು ಸೆಪ್ಟುಗಳಿವೆ, ಒಂದಕ್ಕೊಂದು ರಕ್ತಸಂಬಂಧವಿಲ್ಲ. ಅಮ್ಮನ ಕಡೆಯವರು ಯಾವ ಸೀಮೆಯವರೆಂದು ಗೊತ್ತು.

‘ಅಪ್ಪನ ಕಡೆಯವರು?’

‘ನಂಗೊತ್ತಿಲ್ಲ.’

ನಕ್ಷೆಯ ತುದಿಯಲ್ಲಿ, ಮುತ್ತಜ್ಜನ ಮೇಲಿನ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿತ್ತು. ಹದಿನೈದು ವರ್ಷ ಹುಡುಕಿದ ಮೇಲೆ ಉಳಿದದ್ದು ಅದು. ಊಹೆ ಮಾಡಿ ಒಂದು ಊರು ಬರೆಯಬಹುದಿತ್ತಲ್ಲ ಎಂದೆ. ‘ಬರೆದರೆ ನನ್ನ ಮೊಮ್ಮಕ್ಕಳು ನಂಬಿಬಿಡುತ್ತಾರೆ’ ಎಂದು ಟೀ ಕುಡಿಯಲು ಎದ್ದರು.

ಮಧ್ಯಾಹ್ನ ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ. ನಮಗಿಂತ ಅವರ ಗಡಿಯಾರ ಹಿಂದೆ, ಅವನು ಕೆಲಸದಲ್ಲಿದ್ದ. ‘ಏನಕ್ಕ, ಮೀಟಿಂಗಲ್ಲಿದ್ದೀನಿ’ ಎಂದ. ಈಗಲೇ ಕೇಳು, ಆಮೇಲೆ ಹೇಳಲಾರೆ ಎಂದೆ. ಅವನು ಎದ್ದು ಹೊರಗೆ ಬಂದದ್ದು, ಬಾಗಿಲು ಮುಚ್ಚಿದ್ದು ಕೇಳಿಸಿತು.

‘ಜೀರಿಗೆ ಅಂದೆನಲ್ಲ, ಅದು ನಂಗೆ ಗೊತ್ತಿದ್ದು ಹೇಳಿದ್ದಲ್ಲ ಕಣೋ.’

‘ಅಂದ್ರೆ?’

‘ಕೈಯಲ್ಲಿ ಜೀರಿಗೆ ಇತ್ತು. ಹೇಳ್ಬಿಟ್ಟೆ.’

‘ಗೊತ್ತಿಲ್ಲ ಅಂದಿದ್ರೆ ನಾನೇನು ನಿನ್ನ ಪರೀಕ್ಷೇಲಿ ಫೇಲ್ ಮಾಡ್ತಿದ್ನಾ?’ ಎಂದ. ಅವನಿಗೆ ಬೇಕೆಂದು ಚುಚ್ಚುವ ಸ್ವಭಾವವಿಲ್ಲ. ಆದರೂ ಅದು ನಾಟಿತು, ಏಕೆಂದರೆ ಅದೇ ನಿಜವಾಗಿತ್ತು.

‘ಸರಿ ಬಿಡು’ ಎಂದ, ಸ್ವಲ್ಪ ತಣ್ಣಗಾಗಿ. ‘ಹಾಗಾದ್ರೆ ನಮ್ದು ಜೀರಿಗೆ ಅಲ್ಲ. ಮುಗೀತಲ್ಲ.’

‘ಅಲ್ಲ ಅಂತಾನೂ ಗೊತ್ತಿಲ್ಲ.’

‘ಈಗ ತಾನೆ ಸುಳ್ಳು ಅಂದೆ?’

ಇಲ್ಲಿಯೇ ನಾನು ಸಿಕ್ಕಿಕೊಂಡಿದ್ದೆ. ಅಷ್ಟು ದಿನಗಳಲ್ಲಿ ಆ ಪದವನ್ನು ಎಷ್ಟು ತಿರುವಿ ನೋಡಿದ್ದೆನೆಂದರೆ, ಅಜ್ಜಿಯ ದನಿಯಲ್ಲೇ ಅದು ಕೇಳಿಸತೊಡಗಿತ್ತು. ಅವಳು ಹೇಳಿದ್ದನ್ನೇ ಬಾಯಿ ತಾನಾಗಿ ಆಡಿತೋ, ಇಲ್ಲವೇ ನಾನು ಆಡಿದ್ದನ್ನು ಈಗ ಅವಳ ಬಾಯಿಗೆ ಇಡುತ್ತಿದ್ದೇನೋ. ಊರಿನಲ್ಲಿ ಕೇಳೋಣವೆಂದರೆ ಆ ತಲೆಮಾರಿನವರು ಯಾರೂ ಉಳಿದಿಲ್ಲ.

‘ಅಕ್ಕ, ಕೇಳು’ ಎಂದ ತಮ್ಮ. ‘ಬೆಳ್ಳಿ ಅಂತ ಹೇಳ್ಬಿಡು. ನೀನು ಹೇಳಿದ್ರೆ ಅವರಮ್ಮ ನಂಬ್ತಾರೆ. ಒಂದ್ಸಲ ತಪ್ಪು ಹೇಳಿದ್ದೆ, ಈಗ ನೆನಪಾಯ್ತು ಅನ್ನು. ಹುಡುಗರು ಬದುಕಿಕೊಳ್ತಾರೆ.’

ನಾನು ಯೋಚಿಸುತ್ತೇನೆ ಎಂದೆ. ಅವನು ಬೇಸರದಿಂದ ಫೋನ್ ಇಟ್ಟ, ಆಮೇಲೆ ಎರಡು ವಾರ ಮಾಡಲಿಲ್ಲ. ಅಳಿಯನಿಗೂ ನಾನೇ ಹೇಳಿದೆ. ಅವನು ಬೈಯಲಿಲ್ಲ. ತಾನು ಬ್ರಿಸ್ಬೇನಿಗೆ ಹೋಗುತ್ತೇನೆ, ನೀವೂ ಬಂದು ಇದನ್ನೇ ಅವರೆದುರು ಹೇಳಿ ಎಂದು ಟಿಕೆಟ್ ಕಳಿಸಿದ.

ವಿಮಾನದಲ್ಲಿ ಉದ್ದಕ್ಕೂ ಬೆಳ್ಳಿ, ಬೆಳ್ಳಿ ಎಂದುಕೊಂಡೆ. ಒಂದು ಮಾತಿಗೆ ಮದುವೆ ಮುರಿದವಳು ಇನ್ನೊಂದು ಮಾತಿಗೆ ಕೂಡಿಸಿದರೆ ತಪ್ಪೇನು?

ಹುಡುಗಿಯ ತಾಯಿ ನನಗಿಂತ ಚಿಕ್ಕವರು. ಕಾಫಿ ಕೊಟ್ಟು ಎದುರಿಗೆ ಕೂತರು. ಹುಡುಗಿಯ ತಂದೆ ಪಕ್ಕದಲ್ಲಿದ್ದರು, ಹುಡುಗಿ ಮತ್ತು ಅಳಿಯ ಸೋಫಾದ ಎರಡು ತುದಿಗಳಲ್ಲಿ. ನಾನು ಫೋನಿನ ವಿಷಯವನ್ನು ಮೊದಲಿನಿಂದ ಹೇಳಿದೆ. ಒಗ್ಗರಣೆಯನ್ನೂ ಬಿಡಲಿಲ್ಲ. ಹುಡುಗಿಯ ತಂದೆ ನಗು ತಡೆದುಕೊಂಡರು.

‘ಹಂಗಾದ್ರೆ ನಿಮ್ದು ಯಾವ್ದು ಆಂಟಿ?’ ಎಂದು ಕೇಳಿದರು ತಾಯಿ.

ಬೆಳ್ಳಿ ಎನ್ನುವ ಪದ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅಳಿಯ ನನ್ನನ್ನೇ ನೋಡುತ್ತಿದ್ದ.

‘ಗೊತ್ತಿಲ್ಲಮ್ಮ.’

‘ಜೀರಿಗೇನೇ ಇರಬಹುದಾ?’

‘ಇರಬಹುದು.’

ಅಳಿಯ ಕಣ್ಣು ಮುಚ್ಚಿಕೊಂಡ. ಏನಾದರೂ ಸೇರಿಸಬೇಕೆನಿಸಿ ನಾನು ಮುದುಕರ ಅಪ್ಪ ಅಮ್ಮನ ಕಥೆ ಹೇಳಿದೆ, ಒಂದೇ ಹೆಸರು, ಬೇರೆ ಬೇರೆ ಸೀಮೆ, ನಕ್ಷೆಯಲ್ಲಿ ಪ್ರಶ್ನೆಚಿಹ್ನೆ. ‘ಅವರ ಪದ್ಧತಿ ಅವರಿಗೆ ಬಿಡಿ’ ಎಂದರು ತಾಯಿ. ಹುಡುಗಿ ಮಾತ್ರ ‘ಅಮ್ಮ, ಶಿ ಕೇಮ್ ಆಲ್ ದ ವೇ ಟು ಸೇ ಶಿ ಡಸಂಟ್ ನೋ’ ಎಂದಳು. ತಾಯಿ, ಊಟ ಮಾಡಿಕೊಂಡೇ ಹೋಗಬೇಕು ಎಂದು ಒಳಗೆ ಹೋದರು. ಊಟದ ಹೊತ್ತಿಗೆ ಮದುವೆಯ ಮಾತೇ ಬರಲಿಲ್ಲ. ಹೊರಡುವಾಗ ಹುಡುಗಿಯ ತಂದೆ, ನಾವು ಮಾತಾಡಿಕೊಂಡು ಹೇಳ್ತೀವಿ ಎಂದರು.

ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನಲ್ಲಿದ್ದಾಗ ತಮ್ಮನ ಫೋನ್ ಬಂತು.

‘ಬೆಳ್ಳಿ ಅಂದ್ಯಾ?’

‘ಇಲ್ಲ.’

ಅವನು ಉಸಿರು ಬಿಟ್ಟದ್ದು ಕೇಳಿಸಿತು. ‘ಒಪ್ತಾರಾ?’

ಒಪ್ಪುತ್ತಾರೆ ಕಣೋ, ನೀನೇನೂ ಯೋಚನೆ ಮಾಡಬೇಡ ಎನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಅಳಿಯ ಕಾರು ಓಡಿಸುತ್ತ ಕಿವಿಗೊಟ್ಟಿದ್ದ.

‘ಗೊತ್ತಾಗಲಿಲ್ಲ ಕಣೋ.’

‘ಮುಖ ನೋಡಿದ್ರೆ ಏನನ್ನಿಸ್ತು?’

‘ಅದೂ ಗೊತ್ತಾಗಲಿಲ್ಲ.’

ಕೊನೆಗೆ ತಮ್ಮ, ‘ಊಟಕ್ಕೆ ಏನು ಮಾಡಿದ್ರು?’ ಎಂದು ಕೇಳಿದ. ಅದನ್ನು ಮಾತ್ರ ಒಂದೂ ಬಿಡದೆ ಹೇಳಿದೆ.