ಎಲೆಅಡಿಕೆ ಚೀಲ ಬಿಚ್ಚಿಸುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈ ನಡುಬೆರಳಿನ ತುದಿ ಸ್ವಲ್ಪ ಸೊಟ್ಟಗಿತ್ತು. ಎಡಗೈಯನ್ನು ರೋಗಿಯ ಬೆನ್ನಿನ ಮೇಲೆ ಹರಡಿ, ಅದರ ಮೇಲೆ ಆ ಸೊಟ್ಟ ಬೆರಳಿನಿಂದ ತಟ್ಟುತ್ತಾ ಎದೆಯೊಳಗಿನ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಷ್ಟು ಹೊತ್ತು ಅರಕೆರೆಯ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ, ಕೆಮ್ಮಿಗೆಂದೇ ಬಂದವರೂ ಸಹ.

ತೊಂಬತ್ತರ ದಶಕದ ನಮ್ಮೂರಲ್ಲಿ ಕಾಫಿ ಕೊಟ್ಟಂತೆ ಮಾತ್ರೆ ಕೊಡುವುದೂ ಒಂದು ಉಪಚಾರವೇ ಆಗಿತ್ತು. ಜ್ವರ ಬಿಟ್ಟ ಕೂಡಲೇ ಹೆಂಗಸರು ಉಳಿದ ಕೆಂಪು-ಕಪ್ಪು ಕ್ಯಾಪ್ಸೂಲುಗಳನ್ನು ಎತ್ತಿಡುತ್ತಿದ್ದರು. ಪಕ್ಕದ ಮನೆಯ ಮುದುಕಿ ಕೆಮ್ಮಿದರೆ ಎರಡು ಕೊಡಬೇಕು, ಇಲ್ಲದಿದ್ದರೆ ಜಿಪುಣಿ ಎನ್ನಿಸಿಕೊಳ್ಳಬೇಕು. ಡಾಕ್ಟರಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ವಯಸ್ಸಾದವರು ಯಾರೇ ಬರಲಿ, ನಾಡಿ ಹಿಡಿಯುವ ಮೊದಲೇ ಎಲೆಅಡಿಕೆ ಚೀಲ ಬಿಚ್ಚಿಸುತ್ತಿದ್ದರು.

ನಮ್ಮಜ್ಜಿಯ ಚೀಲವನ್ನೂ ಬಿಚ್ಚಿಸಿದರು. ಅಜ್ಜಿಗೆ ಜ್ವರ ಹೆಚ್ಚಿರಲಿಲ್ಲ. ಊಟ ಬಿಟ್ಟು, ಮಂಕಾಗಿ, ಮೇಲುಸಿರು ಬಿಡುತ್ತಿದ್ದಳು. “ಏನೂ ನುಂಗಿಲ್ಲ ಕಣವ್ವ” ಎಂದವಳ ಚೀಲದಿಂದ ಸುಣ್ಣದ ಡಬ್ಬಿಯ ಜೊತೆ ಬಣ್ಣಬಣ್ಣದ ಕ್ಯಾಪ್ಸೂಲುಗಳು ಉದುರಿದವು.

“ಇದೇನು ಮಾತ್ರೆಯೋ, ಮಂತ್ರಾಕ್ಷತೆಯೋ? ಯಾವಾಗ ಯಾವಾಗ ನುಂಗಿದ್ರಿ?”

“ಕೆಮ್ಮು ಬಂದಾಗೆಲ್ಲ ಒಂದೆಲ್ಡು. ಪಿರೀತಿಯಿಂದ ಕೊಟ್ರೆ ಬ್ಯಾಡ ಅನ್ನಕ್ಕಾಯ್ತದಾ?”

ಡಾಕ್ಟರಮ್ಮ ನಗಲಿಲ್ಲ. ಬೆನ್ನು ತಟ್ಟಿ ನೋಡಿ ಅಪ್ಪನ ಕಡೆ ತಿರುಗಿದರು. “ನ್ಯುಮೋನಿಯಾ. ಅರೆಬರೆ ನುಂಗಿ ನುಂಗಿ, ಎದೆಯೊಳಗಿನ ಕ್ರಿಮಿ ನಮ್ಮ ಔಷಧಿಗೆಲ್ಲ ಪಳಗಿರಬಹುದು. ಇವತ್ತೇ ಮೈಸೂರಿಗೆ ಕರ್ಕೊಂಡು ಹೋಗಿ.”

“ನಾಳೀಕೆ ಕಬ್ಬು ಕಡಿಯಕ್ಕೆ ಆಳು ಬತ್ತಾವ್ರೆ. ಒಂದು ಸೂಜಿ ಆಕಿ, ಎಲ್ಡು ದಿನ ನೋಡನ ಬುಡಿ, ಡಾಕ್ಟ್ರಮ್ಮ.”

“ನನ್ನದು ಬರೀ ಅಂದಾಜು. ತಪ್ಪಾದ್ರೆ ಬಂದು ಬಾಯಿಗೆ ಬಂದಂಗೆ ಬೈಯಿರಿ. ಸರಿಯಾಗಿದ್ರೆ, ಎರಡು ದಿನ ಕಾಯೋಕೆ ಅಜ್ಜಿ ಇರಲ್ಲ.”

ಅಪ್ಪ ಬಾಡಿಗೆ ಕಾರು ಹುಡುಕಲು ಹೊರಟ. ಮೈಸೂರಿನಲ್ಲಿ ಕಫ ಪರೀಕ್ಷೆ ಮಾಡಿದಾಗ ಡಾಕ್ಟರಮ್ಮನ ಅಂದಾಜೇ ನಿಜವಾಯಿತು. ಮಾಮೂಲಿ ಔಷಧಿ ಯಾವುದೂ ನಾಟುವಂತಿರಲಿಲ್ಲ, ಬೇರೆಯದೇ ಕೊಟ್ಟರು. ಅಜ್ಜಿ ಕಡ್ಡಿಯಂತೆ ಸೊರಗಿದ್ದರೂ ನಡೆದುಕೊಂಡೇ ಮನೆಯೊಳಗೆ ಬಂದಳು. ಆಮೇಲೆ ಅವಳ ಕೈತುತ್ತು ತಿಂದ ಒಂದೊಂದು ವರ್ಷವೂ ನನಗೆ ಡಾಕ್ಟರಮ್ಮ ಕೊಟ್ಟದ್ದೇ.

ಆ ದಶಕ ಮುಗಿಯುವ ಮೊದಲೇ ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಅಜ್ಜಿಗಿಂತ ಎಷ್ಟೋ ಚಿಕ್ಕವರು. ಎದೆನೋವನ್ನು ಯಾರಿಗೂ ಹೇಳದೆ, ಹಿಂದಿನ ಸಂಜೆಯವರೆಗೂ ರೋಗಿಗಳನ್ನು ನೋಡಿದ್ದರಂತೆ. ಅಜ್ಜಿ ನನ್ನ ಕೈ ಹಿಡಿದು ಅವರ ಮನೆಗೆ ಬಂದಳು. ತಲೆಯ ಬಳಿ ಕುಳಿತು ಹಣೆ ಸವರಿದಳು.

“ನನ್ನೆದೆ ನೋಡಿ ಉಳುಸ್ಕಂಡೆಯಲ್ಲವ್ವ, ನಿನ್ನೆದೆ ಯಾರವ್ವ ನೋಡುದ್ರು?”